ಷರಾ ಕಾಲಮ್ಮು ಮತ್ತು ಒಂಬತ್ತು ಕಪ್ ಚಹಾ

ಸಕ್ಕರೆ ಕಾರ್ಖಾನೆಯ ಮೀಟಿಂಗಿನಲ್ಲಿ ನಮ್ಮ ಸಾಹೇಬರು, "ರೈತರ ದಾಖಲೆ ಎಲ್ಲಾ ಕ್ಲೌಡ್‌ಗೆ ಹೊಂಟಾವ. ಅದಕ್ಕ ಮೆಟಾಡೇಟಾ ತಯಾರ ಮಾಡಾವ್ರು ಯಾರು?" ಎಂದು ಕೇಳಿದರು. ಎಲ್ಲರೂ ತಲೆಯೆತ್ತಿ ಫ್ಯಾನು ನೋಡತೊಡಗಿದರು. ನಾನು ಕೈ ಎತ್ತಿದೆ. ಮೆಟಾಡೇಟಾ ಅಂದರೆ ಏನೆಂದು ಆಮೇಲೆ ಕೇಳಿದೆ!

"ಮಾಹಿತಿ ಬಗ್ಗೆ ಮಾಹಿತಿ," ಎಂದರು ಸಾಹೇಬರು.

ಇಷ್ಟೇನಾ! ಊರಿನವರ ಬಗ್ಗೆ ಊರಿನವರಿಗೇ ಹೇಳುವ ಕೆಲಸವನ್ನು ನಮ್ಮ ಕಬ್ಬು ವಿಭಾಗ ಮೊದಲಿನಿಂದಲೂ ಶ್ರದ್ಧೆಯಿಂದ ಮಾಡುತ್ತಾ ಬಂದಿತ್ತು.

ಮನೆಯಲ್ಲಿ ಹೆಂಡತಿ ಸುನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಏನೂ ತಿಳೀದ ಯಾಕ ಕೈ ಎತ್ತಿದ್ರಿ?" ಎಂದಳು. ಅಸೂಯೆ ಎಂದುಕೊಂಡೆ.

ನಮ್ಮ ಕಡೆ ಒಂದು ತೊಡಕಿದೆ. ಶಿರಗುಪ್ಪಿ ಸುತ್ತ ಅಣ್ಣಾಸಾಹೇಬರ ಮಗ ಅಪ್ಪಾಸಾಹೇಬ, ಅಪ್ಪಾಸಾಹೇಬರ ಮಗ ಮತ್ತೆ ಅಣ್ಣಾಸಾಹೇಬ. ಒಂದೇ ಓಣಿಯಲ್ಲಿ ಮೂವರು ರಾವಸಾಹೇಬರು (ಅವರಲ್ಲೊಬ್ಬರು ನನ್ನ ಮಾವನವರು), ಮೂವರದೂ ಒಂದೇ ಅಡ್ಡಹೆಸರು. ಹಾಗಾಗಿ ಕಬ್ಬು ಕಡಿಯುವ ಗ್ಯಾಂಗು ಹೊಲ ತಪ್ಪಬಾರದೆಂದು ಗುಮಾಸ್ತರು ರಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಗುರುತು ಬರೆದಿಡುತ್ತಿದ್ದರು: 'ಕುದುರೆ ಸಾಕಿದಾಂವ', 'ಎರಡ ಸಲ ಇಲೆಕ್ಷನ್ ಸೋತಾಂವ', 'ಬರೇ ಜಗಳ'.

ಸಾಫ್ಟ್‌ವೇರಿನವರು ಕಳಿಸಿದ ಹಾಳೆಯಲ್ಲಿ ಪ್ರತಿ ಕಾಲಮ್ಮಿಗೂ ಎರಡು ಪ್ರಶ್ನೆ. ಇದರ ಉಪಯೋಗವೇನು? ಎಲ್ಲಿ ತೋರಿಸಬೇಕು? ಷರಾದ ಮುಂದೆ ನಾನು ಬರೆದೆ: 'ರೈತನನ್ನು ಗುರುತಿಸುವ ಏಕೈಕ ಆಧಾರ. ಹೆಸರು ಬಂದಲ್ಲೆಲ್ಲಾ ಕಡ್ಡಾಯವಾಗಿ ತೋರಿಸತಕ್ಕದ್ದು.' 'ತಕ್ಕದ್ದು' ಎಂದು ಬರೆದ ಮೇಲೆ ಕುರ್ಚಿಯಲ್ಲಿ ನಾನೇ ಎರಡಿಂಚು ಎತ್ತರವಾದೆ.

ಸುನಂದಾ ಕಂಪ್ಯೂಟರಿನಲ್ಲಿ ಇಣುಕಿದಳು. "ನಮ್ಮ ಹೊಲದ ಮುಂದ ಷರಾ ಖಾಲಿ ಐತಲ್ರಿ."

"ಬಾಬಾಸಾಹೇಬ ಅಂದ್ರ ನಾನ ಅಂತ ಯಾರಿಗೆ ಗೊತ್ತಿಲ್ಲ? ಏನರೆ ಒಂದ ಬರಿ," ಎಂದು ನಾನು ಸ್ನಾನಕ್ಕೆ ಹೋದೆ.

ಸೀಸನ್ನು ಶುರುವಾಗುವ ಹೊತ್ತಿಗೇ ನಮ್ಮ ಹೊಸ ಮನೆಯ ವಾಸ್ತುಶಾಂತಿಯೂ ಬಂತು. ತನ್ನ ಅಪ್ಪನೇ ಮೊದಲು ಹೊಸ್ತಿಲು ದಾಟಬೇಕು ಎಂದು ಸುನಂದಾಳ ಹಟ. "ಅಪ್ಪಾ ಬರಲಿಲ್ಲಂದ್ರ ನಾನೂ ಒಳಗ ಕಾಲ ಇಡೂದಿಲ್ಲ," ಎಂದಿದ್ದಳು. ಬರದೇ ಏನು, ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಆ ವಾರವೇ ಕ್ಲೌಡಿನಿಂದ ರೈತರ ಮೊಬೈಲುಗಳಿಗೆ ಮೊದಲ ಮೆಸೇಜುಗಳು ಇಳಿದವು. 'ಮಾನ್ಯ ಅಪ್ಪಾಸಾಹೇಬ (ಎರಡ ಸಲ ಇಲೆಕ್ಷನ್ ಸೋತಾಂವ), ನಿಮ್ಮ ಕಬ್ಬು ಕಡಿಯುವ ಪಾಳಿ ಬಂದಿದೆ. ಧನ್ಯವಾದಗಳು.'

ಹತ್ತು ಗಂಟೆಗೆ ಆಫೀಸಿನ ಮುಂದೆ ಟ್ರ್ಯಾಕ್ಟರುಗಳು ಸಾಲಾಗಿ ನಿಂತವು. ಕಬ್ಬು ಇರಲಿಲ್ಲ. ಬರೀ ಕಬ್ಬಿನ ಮಾಲೀಕರು!

"ಏನ ಮಾಡೀರಿ ಇದು?" ಎಂದು ಸಾಹೇಬರು ಕಿಟಕಿ ಮುಚ್ಚಿದರು.

"ಮೆಟಾಡೇಟಾ ರೀ."

ಅಷ್ಟರಲ್ಲಿ ಮಾವನವರ ಫೋನು. "ಅಳಿಯಂದ್ರ, ಸಂಜೀಕ ಮನೀಗೆ ಬರ್ರಿ. ಚಹಾ ಕುಡ್ಯೂಣು." ದನಿ ಬೆಲ್ಲದಂತಿತ್ತು. ಅವರ ಹೆಸರಿನ ಮುಂದಿನ ಷರಾ ನನಗೆ ಆಗ ನೆನಪಾಯಿತು.

ನೌಕರಿಗೆ ಸೇರಿದ ಹೊಸದರಲ್ಲಿ ಸುಡುಬಿಸಿಲಿನಲ್ಲಿ ಅವರ ಕಬ್ಬು ಅಳೆಯಲು ಹೋಗಿದ್ದೆ. ಯಾರೂ ಒಂದು ಕಪ್ ಚಹಾ ಕೊಡಲಿಲ್ಲ. ಸಿಟ್ಟಿನಲ್ಲಿ ಷರಾ ಬರೆದೆ: 'ಚಹಾ ಕುಡಿಸದಾಂವ'. ಎರಡು ವರ್ಷದ ಮೇಲೆ ಅವರೇ ಮಗಳನ್ನು ಕೊಟ್ಟರು. ಮದುವೆಯ ಗಡಿಬಿಡಿಯಲ್ಲಿ ಷರಾ ತಿದ್ದುವುದು ಮರೆತುಹೋಯಿತು.

ಮಾವನವರ ಕಟ್ಟೆಯ ಮೇಲೆ ಓಣಿಯವರೆಲ್ಲ ಸಾಕ್ಷಿಗೆ ಕೂತಿದ್ದರು. ಒಂದು ಕಪ್ ಮುಗಿಯಿತು. "ಇನ್ನೊಂದ ಹಾಕ್ರಿ ಅವರಿಗೆ!" ಮೂರು. ಐದು. ಏಳನೆಯದಕ್ಕೆ ಕಿವಿ ಗುಂಯ್‌ಗುಟ್ಟಿತು. ಒಂಬತ್ತನೆಯದು ಮುಗಿದಾಗ ಮಾವನವರು, "ಇನ್ನ ಅದನ್ನ ಅಳಸ್ರಿ. ಇಲ್ಲಾಂದ್ರ ವಾಸ್ತುಕ್ಕ ನಾ ಬರೂದಿಲ್ಲ," ಎಂದರು.

ಮರುದಿನವೇ ಸಾಫ್ಟ್‌ವೇರಿನವರಿಗೆ ತಿದ್ದುಪಡಿ ಕಳಿಸಿದೆ: 'ಷರಾವನ್ನು ಎಲ್ಲಿಯೂ ತೋರಿಸತಕ್ಕದ್ದಲ್ಲ.'

ಎರಡು ದಿನಕ್ಕೆ ಮಾವನವರು ಓಡಿ ಬಂದರು. ಗ್ಯಾಂಗು ಇವರ ಹೊಲ ಬಿಟ್ಟು ಓಣಿಯ ಇನ್ನೊಬ್ಬ ರಾವಸಾಹೇಬರ ಕಬ್ಬು ಕಡಿಯುತ್ತಿತ್ತು. "ನನ್ನ ಪಾಳಿ ಅವಗ ಹೋತಲ್ರಿ! ನಾ ಯಾವ ರಾವಸಾಹೇಬ ಅಂತ ಗ್ಯಾಂಗಿನವರಿಗೆ ಹೆಂಗ ತಿಳೀಬೇಕ?"

"ಅದಕ್ಕ ಷರಾ ಇತ್ತರಿ, ಮಾವಾರ."

ಮಾವನವರು ಕುರ್ಚಿ ಎಳೆದುಕೊಂಡು ಕೂತರು. "ಹಂಗಾರ ಮತ್ತ ಹಾಕ್ರಿ. ಆದ್ರ 'ಚಹಾ ಕುಡಿಸಾಂವ' ಅಂತ ಹಾಕ್ರಿ. ಸಾಕ್ಷಿ ಅದಾರ."

ಷರಾ ಮತ್ತೆ ಕ್ಲೌಡಿಗೇರಿತು. ಬೈಯಲು ಬಂದಿದ್ದವರೆಲ್ಲ ನನ್ನ ಮೇಜಿನ ಮುಂದೆ ಸಾಲು ನಿಂತು ತಮ್ಮ ತಮ್ಮ ಷರಾ ತಾವೇ ಹೇಳಿ ಬರೆಸಿದರು. ಇಲೆಕ್ಷನ್ ಸೋತವರು 'ಎರಡ ಸಲ ನಿಂತಾಂವ' ಆದರು.

ವಾಸ್ತುವಿನ ದಿನ ಮಾವನವರು ಹೊಸ ಮನೆಯ ಹೊಸ್ತಿಲು ದಾಟಿದರು. ಸುನಂದಾಳ ಮುಖ ನೋಡಿ ನನಗೆ ನಿಜಕ್ಕೂ ಹೊಟ್ಟೆ ತುಂಬಿತು. ಆಗಲೇ ಅವರ ಪಕ್ಕದಲ್ಲಿದ್ದ ನನ್ನ ಮೊಬೈಲು ಕುಂಯ್‌ಗುಟ್ಟಿತು. ಮಾವನವರು ಚಷ್ಮಾ ಏರಿಸಿ, ಬಂದ ಬೀಗರೆಲ್ಲರಿಗೂ ಕೇಳುವಂತೆ ಓದಿದರು:

"ಮಾನ್ಯ ಬಾಬಾಸಾಹೇಬ, ಬ್ರ್ಯಾಕೆಟ್ಟಿನ್ಯಾಗ, ಏನೂ ತಿಳೀದ ಕೈ ಎತ್ತಿದಾಂವ..."

ಸುನಂದಾ ಅವಸರವಾಗಿ ಅಡುಗೆಮನೆಗೆ ಹೋದಳು.

"ಇದ ಬರೋಬ್ಬರಿ ಐತಿ," ಎಂದರು ಮಾವನವರು. "ಇದನ್ನ ಅಳಸಬ್ಯಾಡ್ರಿ."

ಮರುದಿನ ಬೆಳಿಗ್ಗೆ ಗ್ಯಾಂಗು ಯಾರನ್ನೂ ದಾರಿ ಕೇಳದೆ ನೇರವಾಗಿ ನನ್ನ ಹೊಲಕ್ಕೇ ಬಂತು!