ಆ ವರ್ಷದ ಐದು ಆಲ್ಬಮ್ಮುಗಳು ಮತ್ತು ನಮ್ಮತ್ತೆ

ಹಾಡು ಹಚ್ಚಿದರೆ ಬೇರೆಯವರ ಮನೆಯಲ್ಲಿ ಹಾಡು ಕೇಳಿಸುತ್ತದೆ. ನಮ್ಮ ಮನೆಯಲ್ಲಿ ಏನಾದರೊಂದು ನಡೆದೇ ತೀರುತ್ತದೆ, ಅದನ್ನು ನಾಲ್ಕು ಮಂದಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ.

ನನಗೆ ಹಾಡಿನ ಹುಚ್ಚು. ಮೊಬೈಲ್ ಅಂಗಡಿಗೆ ಹೋಗಿ ಕಾರ್ಡಿನ ತುಂಬ ಹಾಡು ತುಂಬಿಸಿಕೊಂಡು, ಒಂದನ್ನೂ ಪೂರ್ತಿ ಕೇಳದೆ ಮುಂದೆ ಮುಂದೆ ಒತ್ತುವವರ ಪೈಕಿ ನಾನಲ್ಲ. ಕ್ಯಾಸೆಟ್ಟಾಗಲಿ ಸಿಡಿಯಾಗಲಿ, ಮೊದಲ ಹಾಡಿನಿಂದ ಕೊನೆಯದರ ತನಕ ಕೇಳಬೇಕು. ರೊಟ್ಟಿ ಬಡಿಯುತ್ತ ಕೇಳಿದರೂ ನಡೆಯುತ್ತದೆ. ವರ್ಷ ಮುಗಿಯುವಾಗ ಅವುಗಳಲ್ಲಿ ಐದನ್ನು ಆರಿಸಿ, ಯಾವುದು ಮೊದಲು, ಯಾವುದು ಕಡೆಗೆ ಎಂದು ಕ್ಯಾಲೆಂಡರಿನ ಹಿಂಬದಿಗೆ ಬರೆದಿಡುತ್ತೇನೆ. ಹತ್ತನೆಯ ತರಗತಿಯ ಪರೀಕ್ಷೆ ಆದ ಮೇಲೆ ನಾನು ಪೆನ್ನು ಹಿಡಿಯುತ್ತಿದ್ದುದು ಅದೊಂದಕ್ಕೇ.

ತೆಲಂಗಾಣ ಬೇಕೆಂದು ಬಸ್ಸು, ಶಾಲೆ, ಕಚೇರಿ ಎಲ್ಲ ನಿಂತುಹೋಗಿದ್ದ ವರ್ಷದ ಪಟ್ಟಿ ಇದು. ಆ ವರ್ಷ ನನ್ನ ಟೇಪಿಗೇ ಕುತ್ತು ಬಂದಿತ್ತು. ಮೇಲೆ ಸಿಡಿ, ಮುಂದೆ ಕ್ಯಾಸೆಟ್ಟು ಹಾಕುವ ಟೇಪು ಅದು. ಮದುವೆಯಲ್ಲಿ ಅಪ್ಪ ಕೊಟ್ಟದ್ದು, ನಾರಾಯಣಖೇಡದಿಂದ ಜಹೀರಾಬಾದಿನ ತನಕ ನನ್ನ ತೊಡೆಯ ಮೇಲೆ ಕೂತು ಬಂದದ್ದು. ಬೇಸಿಗೆಯಲ್ಲಿ ಮದುವೆಯಾಗಿ ತಾಂಡೂರಿಗೆ ಹೋಗಿದ್ದ ನಾದಿನಿ ನಾಗರ ಪಂಚಮಿಗೆ ಬಂದಾಗ ಅದರ ಮೇಲೆ ಕಣ್ಣು ಹಾಕಿದಳು.

"ಒಯ್ಯವ್ವ, ಒಯ್ಯಿ. ಮನ್ಯಾಗ ಯಾರಿಗೂ ಬ್ಯಾಡಾದ ಡಬ್ಬಿ ಅದು" ಅಂದರು ನಮ್ಮತ್ತೆ.

"ಯಾರಿಗೂ ಬ್ಯಾಡ ಅಂತ ಯಾರು ಹೇಳ್ಯಾರ್ರಿ ಅತ್ತಿ?"

"ನನಗ ಬ್ಯಾಡ. ಮನಿ ಅಂದ್ರ ನಾನೇ."

ನಾನು ಬಿಡಲಿಲ್ಲ. ಜಗಳ ಅಡುಗೆಮನೆಯಿಂದ ಅಂಗಳಕ್ಕೆ ಬಂದ ಮೇಲೆ ಅತ್ತೆ ತೀರ್ಪು ಕೊಟ್ಟರು. "ಆತು. ಸಂಕ್ರಮಣದ ತನಕ ಟೈಮ್ ಕೊಟ್ಟೀನಿ. ಅಷ್ಟರಾಗ ಅದರಾಗಿಂದು ಒಂದಾದ್ರೂ ನನಗ ಹಿಡಸಲಿ, ಇಟ್ಕೋ. ಇಲ್ಲಂದ್ರ ತಾಂಡೂರಿಗೆ."

ಐದನೆಯದು: ವಚನಗಳ ಸಿಡಿ

ಅತ್ತೆ ಎರಡು ಹೊತ್ತು ಲಿಂಗಪೂಜೆ ಮಾಡುವವರು. ವಚನ ಹಚ್ಚಿದರೆ ಗೆದ್ದೆ ಅಂದುಕೊಂಡೆ. ಆದರೆ ಆ ಸಿಡಿಯಲ್ಲಿ ಒಂದು ವಚನ ಹಾಡಿ, ಅದರ ಅರ್ಥವನ್ನು ಎರಡು ವಚನದಷ್ಟು ಹೊತ್ತು ಹೇಳುತ್ತಿದ್ದರು. ಮೂರನೆಯದಕ್ಕೆ ಅತ್ತೆ ಕೇಳಿದರು, "ಇಂವ ಹಾಡಾಕ ಬಂದಾನೋ, ಸಾಲಿ ಕಲಿಸಾಕ ಬಂದಾನೋ?"

ನಾನು ಸೋಲಲಿಲ್ಲ. ಸೋಮವಾರ ಬೆಳಿಗ್ಗೆ ಅದನ್ನೇ ಮತ್ತೆ ಹಚ್ಚಿ, ಮುಗಿದರೆ ತಾನೇ ಮೊದಲಿನಿಂದ ಶುರುವಾಗುವಂತೆ ಗುಂಡಿ ಒತ್ತಿ, ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತೆ. ಅತ್ತೆಯೂ ಅಲ್ಲೇ ಜೋಳ ಹಸನು ಮಾಡುತ್ತಿದ್ದರು. ಸೋಮವಾರದ ಭಿಕ್ಷೆಗೆ ಅಯ್ಯನವರು ಬಂದದ್ದು ನಮಗೆ ಗೊತ್ತೇ ಇಲ್ಲ. ಒಳಗೆ ಯಾರೋ ಪೂಜೆಗೆ ಕೂತಿದ್ದಾರೆ, ನಡುವೆ ಕೂಗಬಾರದು ಅಂತ ಅವರು ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತರು. ವಚನ ಮುಗಿಯಿತು, ಅರ್ಥ ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಬಟ್ಟೆ ಒಣಹಾಕಲು ಮುಂದಿನ ಅಂಗಳಕ್ಕೆ ಬಂದಾಗ ನೋಡುತ್ತೇನೆ, ಅಯ್ಯನವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಾರೆ.

ಮೆಲ್ಲಗೆ ಕೇಳಿದರು, "ತಾಯಿ, ಒಳಗಿನ ಶರಣರದು ಪೂಜಿ ಇನ್ನೂ ಎಷ್ಟೊತ್ತದ? ನಂದಿನ್ನೂ ಆರು ಮನಿ ಅದಾವ."

ನಾಲ್ಕನೆಯದು: ಹೋರಾಟದ ಹಾಡುಗಳು

ನನ್ನ ಗಂಡ ಬಸ್ ಕಂಡಕ್ಟರ್. ಮುಷ್ಕರ ಶುರುವಾದ ಮೇಲೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಡ್ಯೂಟಿಗೆ ಹೋದಂತೆ ಹೈವೇ ಪಕ್ಕದ ಮುಷ್ಕರದ ಡೇರೆಗೆ ಹೋಗಿ ಕೂರುತ್ತಿದ್ದರು. ಒಂದು ದಿನ ಅಲ್ಲಿಂದ ತೆಲುಗು ಹಾಡುಗಳ ಸಿಡಿ ತಂದರು. ಏನು ಡಪ್ಪಿನ ಬಡಿತ, ಏನು ದನಿ! ಭಾಷೆ ಬಾರದವರೂ ಕೂತಲ್ಲಿ ಕೂರುವಂತಿರಲಿಲ್ಲ. ಓರೆಗಣ್ಣಿನಲ್ಲಿ ನೋಡಿದೆ, ಸೀರೆಯ ಅಂಚಿನ ಕೆಳಗೆ ಅತ್ತೆಯ ಹೆಬ್ಬೆರಳು ತಾಳ ಹಾಕುತ್ತಿತ್ತು.

"ಅತ್ತಿ, ಕಾಲು ಕುಣ್ಯಾಕತ್ತದಲ್ರಿ?"

"ಇರವಿ ಹತ್ಯಾವ" ಅಂದು ಅತ್ತೆ ಕಾಲು ಮಡಚಿದರು.

ಆ ಹಾಡು ಪೂರ್ತಿ ತಲೆಗೆ ಹತ್ತಿದ್ದು ಎರಡೂವರೆ ವರ್ಷದ ನನ್ನ ಮಗಳಿಗೆ. ಎದ್ದರೆ ಮುಷ್ಟಿ, ಕೂತರೆ ಮುಷ್ಟಿ. ಒಂದು ಮಧ್ಯಾಹ್ನ ತಟ್ಟೆ ದೂಡಿ, ಕೈ ಎತ್ತಿ, "ಅನ್ನ ಬ್ಯಾಡ! ಜೈ ತೆಲಂಗಾಣ!" ಅಂತ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟಳು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ.

ಅತ್ತೆ ಮಗನನ್ನು ತರಾಟೆಗೆ ತೆಗೆದುಕೊಂಡರು. "ನೀ ಕೆಲಸ ಬಿಟ್ಟಿ, ನಿನ್ನ ಮಗಳು ಊಟ ಬಿಟ್ಟಳು. ಎಲ್ಲಾ ಆ ಡಬ್ಬೀದೇ ಮಹಿಮಾ!"

ಗಂಡ ನೆಲಕ್ಕೆ ಕೂತು ಗಂಭೀರವಾಗಿ ಕೇಳಿದರು, "ನಿಮ್ಮ ಬೇಡಿಕೆ ಏನ್ರಿ?"

"ಬೆಲ್ಲ."

ತಕ್ಷಣ ಕೊಟ್ಟರು. ಅಷ್ಟು ದಿನ ಎಲ್ಲರೂ ಕೂತ ಡೇರೆಯಲ್ಲಿ ಏನೂ ಸಿಕ್ಕಿರಲಿಲ್ಲ. ನಮ್ಮ ಮನೆಯಲ್ಲಿ ಮುಷ್ಕರ ಮಾಡಿ ಗೆದ್ದವಳು ಅವಳೊಬ್ಬಳೇ.

ಮೂರನೆಯದು: ಖಾಲಾಳ ಕವ್ವಾಲಿ ಕ್ಯಾಸೆಟ್ಟು

ಗೋಡೆಯ ಆಚೆ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಇದ್ದಾಳೆ, ನಮಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅವಳು ಬಜಾರದಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ ತನ್ನ ಪ್ರೀತಿಯ ಕವ್ವಾಲಿ ಕೊಟ್ಟು, "ಲೇ ಬೇಟಿ, ಇದು ಕೇಳಿ ಕಲ್ಲು ಸುದ್ದಾ ಕರಗ್ತದ, ನಿಮ್ಮತ್ತಿ ಯಾವ ಲೆಕ್ಕ" ಅಂದಳು.

ಅತ್ತೆ ಕರಗಲಿಲ್ಲ. "ಇಷ್ಟು ಅವಸರ ಯಾಕ ಇವಗ? ಬಸ್ಸು ತಪ್ತದೇನು? ಬಸ್ಸೇ ಇಲ್ಲ ಈಗ."

ಆ ದಿನಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹಾಡಿನ ನಡುವೆ ಹೋದಾಗ ಟಾರ್ಚ್ ಬ್ಯಾಟರಿಯಲ್ಲಿದ್ದ ಹಳೆಯ ಸೆಲ್ಲುಗಳನ್ನೇ ತೆಗೆದು ಟೇಪಿಗೆ ಹಾಕಿದೆ. ಸೆಲ್ಲು ಇಳಿಯುತ್ತ ಬಂದಂತೆ ಕವ್ವಾಲನ ದನಿಯೂ ಇಳಿಯಿತು. ಭಾರವಾಯಿತು, ನಿಧಾನವಾಯಿತು. ಒಂದೊಂದು ಅಕ್ಷರವೂ ಎಮ್ಮೆ ಕೆಸರಿನಿಂದ ಏಳುವ ಹಾಗೆ ಏಳುತ್ತಿತ್ತು.

ಅತ್ತೆ ಮೊದಲ ಸಲ ತಲೆದೂಗಿದರು. "ಈಗ ನೋಡು ಎಷ್ಟು ಸಮಾಧಾನದಿಂದ ಹಾಡಾಕತ್ತಾನ. ಇದು ಹಾಡು ಅಂದ್ರ!"

ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಕವ್ವಾಲ ಒಂದು ದೊಡ್ಡ ಆಕಳಿಕೆಯಂಥ ಸ್ವರ ತೆಗೆದು ನಿಂತೇಬಿಟ್ಟ. "ದಣದಾನ ಪಾಪ" ಅಂದರು ಅತ್ತೆ. ನಾನು ಓಡಿಹೋಗಿ ಹೊಸ ಸೆಲ್ಲು ತಂದು ಹಾಕಿದೆ. ಅವನು ಮತ್ತೆ ಮೊದಲಿನ ವೇಗದಲ್ಲಿ ಓಡತೊಡಗಿದ.

ಅತ್ತೆ ಮುಖ ಸಿಂಡರಿಸಿದರು. "ಕೆಡಿಸಿದಿ. ಹಳೀ ಸೆಲ್ ಹಾಕು. ಅದರಾಗ ಛಂದ ಹಾಡ್ತಿದ್ದ."

ಎರಡನೆಯದು: ನಮ್ಮ ದೊಡ್ಡಪ್ಪ ಕೆಮ್ಮಿದ ಸಿಡಿ

ನಾರಾಯಣಖೇಡದ ನಮ್ಮ ಓಣಿಯ ಭಜನೆಯವರು ಸೇರಿ ಆ ವರ್ಷ ತಮ್ಮದೇ ಸಿಡಿ ಮಾಡಿಸಿದರು. ಅದರಲ್ಲಿ ನಮ್ಮ ದೊಡ್ಡಪ್ಪನ ಕೆಲಸ ತಾಳ ಹಾಕುವುದು. ಮೂರನೆಯ ಹಾಡಿನಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನಾಗುವ ಜಾಗದಲ್ಲಿ, ಅವರಿಗೆ ಕೆಮ್ಮು ಬಂತು. ಅದು ಹಾಗೇ ಸಿಡಿಯಲ್ಲಿ ಉಳಿಯಿತು. ಊರವರು ಈಗ ಆ ಸಿಡಿ ಹಚ್ಚುವುದೇ ಕೆಮ್ಮಿಗಾಗಿ.

ದೀಪಾವಳಿಗೆ ನಮ್ಮ ಮನೆಗೆ ಬಂದ ದೊಡ್ಡಪ್ಪ ಟೇಪಿನ ಮುಂದೆಯೇ ಕೂತರು. ಆ ಜಾಗ ಬಂದ ಕೂಡಲೇ ಬೆರಳೆತ್ತಿ, "ಇದು ನಾನು" ಅಂದರು.

ಅತ್ತೆ ನನ್ನ ಕಡೆ ತಿರುಗಿದರು. "ನಿಮ್ಮ ದೊಡ್ಡಪ್ಪ ಹಾಡಿಲ್ಲ, ಕೆಮ್ಮ್ಯಾರ."

"ತಾಳಕ್ಕ ಸರಿಯಾಗಿ ಕೆಮ್ಮ್ಯಾರಲ್ರಿ ಅತ್ತಿ."

ಅತ್ತೆ ಅಡುಗೆಮನೆಗೆ ನಡೆದರು. ಸ್ವಲ್ಪ ಹೊತ್ತಾದ ಮೇಲೆ ಹೋಳಿಗೆಗೆ ಹೂರಣ ತುಂಬುತ್ತ ತಮ್ಮಷ್ಟಕ್ಕೆ ಅಂದದ್ದು ಕೇಳಿಸಿತು. "ಕೆಮ್ಮಿದವರದು ಸುದ್ದಾ ಸಿಡಿಯಾಗ ಬಂತು. ನಾ ನಲವತ್ತು ವರ್ಷ ಹಾಡೀನಿ, ತೊಟ್ಟಿಲ ಕೂಸು ಬಿಟ್ರ ಯಾರು ಕೇಳ್ಯಾರ?"

ಒಂದನೆಯದು

ಸಂಕ್ರಮಣ ಬಂತು. ಗೋಡೆಯ ಕ್ಯಾಲೆಂಡರು ಬದಲಾಗಿದ್ದರೂ ನನ್ನ ಪಟ್ಟಿಯ ಒಂದನೆಯ ಸಾಲು ಇನ್ನೂ ಖಾಲಿ ಇತ್ತು. ನಾದಿನಿ ಗಂಡನ ಜೊತೆ ತಾಂಡೂರಿನಿಂದ ಬಂದಳು. ಅತ್ತೆ ಮಾತಿಗೆ ತಪ್ಪುವವರಲ್ಲ. ಟೇಪಿಗೆ ಸುತ್ತಲು ಹಳೆಯ ಸೀರೆ ತೆಗೆದಿಟ್ಟಿದ್ದರು. ಎಳ್ಳು ಬೆಲ್ಲ ಕೊಡಲು ಖಾಲಾಳನ್ನೂ ಕರೆದಿದ್ದೆವು. ನಾನು ಸಜ್ಜೆ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಟೇಪಿನ ಧೂಳು ಒರೆಸುತ್ತ ಕೂತಿದ್ದೆ.

"ಸುತ್ತೋಕಿಂತ ಮೊದಲ ನಡಿತದೋ ಇಲ್ಲೋ ನೋಡ್ತೀನಿ" ಅಂತ ನಾದಿನಿ ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ ಗುಂಡಿ ಒತ್ತಿದಳು. ಒಳಗೆ ಇದ್ದದ್ದು ಖಾಲಾಳ ಕವ್ವಾಲಿ ಕ್ಯಾಸೆಟ್ಟು. ಆದರೆ ಕವ್ವಾಲ ಹಾಡಲಿಲ್ಲ. ನಮ್ಮತ್ತೆ ಹಾಡಿದರು.

"ಕಲ್ಹೇರಿನ ಅತ್ತಿ ಕಡಗ ತಂದಾಳ, ಧಾರೂರಿನ ಅತ್ತಿ ದಂಡಿ ತಂದಾಳ, ತಾಂಡೂರಿನ ಅತ್ತಿ ತೊಟ್ಟಿಲ ತಂದಾಳ..."

ಎಲ್ಲರೂ ಇದ್ದಲ್ಲೇ ನಿಂತರು. ಅತ್ತೆ ಮೊದಲು ಮೇಲೆ ನೋಡಿದರು, ಆಮೇಲೆ ಟೇಪನ್ನು ನೋಡಿದರು. "ಯಾರಕಿ ಇಕಿ?"

"ನೀವೇ ರೀ ಅತ್ತಿ!" ಅಂದೆ.

ನನಗೆ ಆಗ ತಿಳಿಯಿತು. ವಾರದ ಹಿಂದೆ ಅತ್ತೆ ಎಳ್ಳು ಕೇರುತ್ತ ಮೊಮ್ಮಗಳಿಗೆ ಹಾಡು ಕಟ್ಟಿ ಹೇಳುತ್ತಿದ್ದಾಗ, ಆ ಮೊಮ್ಮಗಳೇ ಎರಡೂ ಕೈಯಿಂದ ಟೇಪಿನ ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಿದ್ದಳು. ಕವ್ವಾಲನನ್ನು ಅಳಿಸಿ, ಅಜ್ಜಿಯನ್ನು ತುಂಬಿಕೊಂಡಿದ್ದಳು.

ನಾದಿನಿ ಸೀರೆ ಕೆಳಗಿಟ್ಟಳು. "ಅವ್ವ, ಹಾಡಿನ್ಯಾಗ ನಾ ತೊಟ್ಟಿಲ ತರ್ತೀನಿ, ಇಲ್ಲಿ ನೋಡಿದ್ರ ಟೇಪ್ ಒಯ್ಯಾಕ ಬಂದೀನಿ" ಅಂತ ಕಣ್ಣೊರೆಸಿಕೊಂಡಳು. ಖಾಲಾಳಿಗೂ ಕ್ಯಾಸೆಟ್ಟು ಹೋದ ದುಃಖವಿರಲಿಲ್ಲ. "ಜಾನೇ ದೇ ಬೇಟಿ, ಹೋಗ್ಲಿ ಬಿಡು. ಆ ಕವ್ವಾಲ ಬಜಾರದಾಗ ಮತ್ತ ಸಿಗ್ತಾನ. ಇದು ಸಿಗಂಗಿಲ್ಲ."

ಟೇಪು ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಹಾಡಿನ ಮುಂದೆ ಏನಿದೆ ಎಂಬುದು ನೆನಪಾಯಿತು. ಆ ದಿನ ಹಾಡು ಮುಗಿಸಿ ಅತ್ತೆ ಗಿರಣಿಗೆ ಹೋಗಿದ್ದರು. ಖಾಲಾ ಬಂದಿದ್ದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಹಾಗೇ ಕೈ ತಿರುವಿ, ಅತ್ತೆಯ ಹಾಗೇ ಮಾತಾಡಿ ಅವಳನ್ನು ನಗಿಸಿದ್ದೆ. ಕೆಂಪು ಗುಂಡಿ ಇನ್ನೂ ಒತ್ತಿಯೇ ಇತ್ತು!

ಟೇಪು ಶುರುಮಾಡಿತು. "ಅಯ್ಯ ಶಿವನೇ! ನಮ್ಮ ಕಾಲದಾಗ ಸೊಸಿ ಅಂದ್ರ ತಲಿ ಮ್ಯಾಲ ಎರಡು ಕೊಡ, ಬಗಲಾಗ ಒಂದು ಕೂಸು, ಬಾಯಿಗೆ ಬೀಗ. ಈಗಿನಕಿಗಿ ನೋಡು, ಕೊಡನೂ ಇಲ್ಲ, ಬೀಗನೂ ಇಲ್ಲ!"

ನಾನು ಟೇಪು ನಿಲ್ಲಿಸಲು ಹಾರಿದೆ. ಅತ್ತೆ ನನ್ನ ಕೈಗೆ ಫಟ್ಟನೆ ಹೊಡೆದರು.

"ತಡಿ! ನಾ ಮಾತಾಡಾಕತ್ತೀನಿ."

ಖಾಲಾ ದುಪಟ್ಟಾ ಬಾಯಿಗೆ ತುರುಕಿಕೊಂಡು ಗೋಡೆಗೆ ತಿರುಗಿದಳು. ನಾನು ಗಂಡನ ಮುಖ ನೋಡಿದೆ. ಅವರು ಶ್ರದ್ಧೆಯಿಂದ ತಲೆಯಾಡಿಸುತ್ತಿದ್ದರು. "ಥೇಟ್ ನೀನೇ ಅವ್ವ. ದಿನಾ ಕೇಳ್ತೀನಲ್ಲ, ನನಗ ಗೊತ್ತಾಗಂಗಿಲ್ಲೇನು?"

"ಖರೇನೇ ಹೇಳೀನಿ ನೋಡು" ಅಂದರು ಅತ್ತೆ ಹೆಮ್ಮೆಯಿಂದ. "ಯಾವಾಗ ಹೇಳೀನೋ ನೆನಪಿಲ್ಲ. ಆದ್ರ ಈ ಖಾಲಾ ಯಾಕ ಅದರಾಗ ನಗಾಕತ್ತಾಳ?"

"ನೀವು ಅಷ್ಟು ಛಂದ ಹೇಳೀರಿ ಅಂತ್ರಿ ಅತ್ತಿ" ಅಂದೆ. ಆ ವರ್ಷ ನಾನಾಡಿದ ಅತಿ ಮೆತ್ತನೆಯ ಮಾತು ಅದು.

ಟೇಪು ತಾಂಡೂರಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲೇ ಉಳಿಯಿತು, ಆದರೆ ದೇವರ ಜಗುಲಿಯ ಪಕ್ಕಕ್ಕೆ, ಅತ್ತೆಯ ಕೈಗೆ ಎಟುಕುವ ಜಾಗಕ್ಕೆ ಹೋಯಿತು. ಯಾರು ಬಂದರೂ ಮೊದಲು ಕ್ಯಾಸೆಟ್ಟು, ಆಮೇಲೆ ಚಹಾ. ಸೋಮವಾರ ಬಂದ ಅಯ್ಯನವರನ್ನೂ ಕೂರಿಸಿ ಹಾಡು, ಮಾತು ಎರಡನ್ನೂ ಕೇಳಿಸಿದರು. ಅವರು ಭಿಕ್ಷೆಯ ಜೋಳಿಗೆ ಹಿಡಿದು ಏಳುವಾಗ, "ಹಾಡು ಬಾಳ ಛಂದದ ತಾಯಿ" ಅಂದರು.

ಅತ್ತೆ ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸುತ್ತ ಅಂದರು, "ಹಾಡು ಇರ್ಲಿ ಬಿಡ್ರಿ ಅಯ್ಯನೋರೆ. ಅದರ ಮುಂದಿನ ಬೈಗುಳ ಕೇಳಿದ್ರಲ್ಲ? ನನ್ನ ದನಿ ಅದರಾಗ ಖರೇ ಬಂದದ. ಹರೇದಾಗ ಹಿಂಗೇ ಇತ್ತು."