ಅಕ್ಕನ ಕೊನೆಯ ಓಟ

ವರ್ಷವಿಡೀ ಬೆವರು ಸುರಿಸಿ ತಯಾರಾಗಿ ಓಟದಲ್ಲಿ ಕೊನೆಯ ಸ್ಥಾನ ಗಳಿಸಿದವರು ಇಡೀ ಹೊಸೂರು ರಸ್ತೆಯಲ್ಲಿ ನಮ್ಮಕ್ಕ ಒಬ್ಬಳೇ! ಸುಮ್ಮನೆ ಕೊನೆಗೆ ಬರುವವರು ಬೇಕಾದಷ್ಟು ಜನ ಇದ್ದರು ಬಿಡಿ. ಅಭ್ಯಾಸ ಮಾಡಿ ಬರಬೇಕಲ್ಲ?

ನಾನೋ, ಅಭ್ಯಾಸದ ಗಂಧವೇ ಇಲ್ಲದವಳು. ಓಟದ ದಿನ ಮುದ್ದೆ ಉಂಡು ಹೋಗಿ, ಓಡಿ, ಗೆದ್ದು, ಬಹುಮಾನದ ಸ್ಟೀಲ್ ಲೋಟ ಹಿಡಿದು ಬರುತ್ತಿದ್ದೆ. ನನ್ನ ಕಾಲು ದೇವರು ಕೊಟ್ಟದ್ದು, ಅಕ್ಕನ ಕಾಲು ಅಪ್ಪ ಕೊಟ್ಟದ್ದು ಎಂದು ಡ್ರಿಲ್ ಮೇಷ್ಟ್ರು ಹೇಳುತ್ತಿದ್ದರು. ಅದೂ ನಿಜವೇ. ಅಪ್ಪ ನಡೆಯುವಾಗ ಎಮ್ಮೆಗಳೇ ಬೇಸತ್ತು ಮುಂದೆ ಹೋಗುತ್ತಿದ್ದವು!

ಆಗ ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಮ್ಮ ಕಡೆಗೆ ಎಲೆಕ್ಟ್ರಾನಿಕ್ ಸಿಟಿ ಎಂಬ ಹೆಸರು ಬಂದಿತ್ತು, ಸಿಟಿ ಇನ್ನೂ ಬಂದಿರಲಿಲ್ಲ. ಬೆಳಗ್ಗೆ ಬೊಮ್ಮನಹಳ್ಳಿಯ ಕಾರ್ಖಾನೆಗೆ ಹೋಗುವ ಬಸ್ಸಿನ ಪಕ್ಕದಲ್ಲಿ ಅಕ್ಕ ಓಡುತ್ತಿದ್ದಳು. ಪಾಪ, ಹುಡುಗಿಗೆ ಬಸ್ಸು ತಪ್ಪಿದೆಯೆಂದು ಡ್ರೈವರ್ ಮೂರು ದಿನ ನಿಲ್ಲಿಸಿದ. ತಾನು ಹತ್ತುವುದಕ್ಕೆ ಬಂದಿಲ್ಲ, ಓಡುವುದಕ್ಕೆ ಬಂದಿರುವುದು ಎಂದಳು ಇವಳು. ನಾಲ್ಕನೇ ದಿನ ಅವನು ನಿಲ್ಲಿಸಲೇ ಇಲ್ಲ. ಅವಳ ಹಿಂದೆ ನಿಜವಾಗಿಯೂ ಬಸ್ಸಿಗೆಂದೇ ಓಡಿ ಬರುತ್ತಿದ್ದ ಫಿಟ್ಟರ್ ಒಬ್ಬ ಅಂದು ಅರ್ಧ ದಿನ ರಜೆ ಹಾಕಬೇಕಾಯಿತು!

ಹತ್ತನೇ ತರಗತಿಗೆ ಅವಳ ಓದು ಸಾಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಆ ವರ್ಷದ ಶಾಲಾ ಕ್ರೀಡಾಕೂಟವೇ ಅವಳಿಗೆ ಕೊನೆಯದು. ನಾಲ್ಕು ಸುತ್ತಿನ ಓಟ. ನಾನು ಗೆದ್ದೆ, ಉಳಿದವರೂ ಮುಗಿಸಿ ಹುಲ್ಲಿನ ಮೇಲೆ ಬಿದ್ದುಕೊಂಡರು. ಅಕ್ಕನಿಗೆ ಇನ್ನೂ ಒಂದು ಸುತ್ತು ಬಾಕಿ! ಅಷ್ಟರಲ್ಲಿ ತಡವಾಗಿ ಬಂದ ಮುಖ್ಯ ಅತಿಥಿಗಳು ಜೀಪಿನಿಂದಿಳಿದರು. ನೋಡಿದರೆ ಒಬ್ಬಳೇ ಹುಡುಗಿ ಓಡುತ್ತಿದ್ದಾಳೆ, ಹಿಂದೆ ಯಾರ ಸುಳಿವೂ ಇಲ್ಲ. ಅವರಿಗೆ ಎಲ್ಲಿಲ್ಲದ ಸಂತೋಷ. ಅವಳು ಗೆರೆ ಮುಟ್ಟಿದ್ದೇ ತಡ, ಚಪ್ಪಾಳೆ ತಟ್ಟುತ್ತಾ ಹೋಗಿ ಗೆದ್ದವರ ಕಪ್ಪನ್ನು ಅವಳ ಕೈಗೇ ಇಟ್ಟುಬಿಟ್ಟರು! ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ನಿಂತರು.

ಅಕ್ಕ ಏದುಸಿರು ಬಿಡುತ್ತಾ ಕಪ್ಪನ್ನು ಒಮ್ಮೆ ತಿರುಗಿಸಿ ನೋಡಿದಳು.

"ಸಾರ್, ಗೆದ್ದಿದ್ದು ನನ್ನ ತಂಗಿ," ಎಂದಳು. "ನಾನು ಈಗ ಮುಗಿಸಿದೆ, ಅಷ್ಟೆ."

ಮನೆಗೆ ನಡೆದು ಬರುವಾಗ ಕಪ್ಪು ನನ್ನ ಕೈಯಲ್ಲಿ ಯಾಕೋ ಭಾರವಾಗಿತ್ತು. ಇಷ್ಟು ಕಷ್ಟಪಟ್ಟರೂ ಕೊನೆಗೇ ಬರುತ್ತೀಯಲ್ಲ, ಮತ್ಯಾಕೆ ಓಡುತ್ತೀಯ ಎಂದು ಕೇಳಿಯೇಬಿಟ್ಟೆ.

"ಮನೇಲಿದ್ರೆ ನೀರು ಅಂತ, ಒಲೆ ಅಂತ ಯಾರಾದ್ರೂ ನನ್ನ ಕೂಗ್ತಾನೇ ಇರ್ತಾರೆ," ಎಂದಳು. "ಓಡ್ವಾಗ ಒಬ್ರೂ ಕೂಗಲ್ಲ ಕಣೆ. ಬೇಗ ಮುಗಿಸೋಕೆ ನಂಗೇನು ಅವಸರ?"

ಮರುದಿನ ಬೆಳಗ್ಗೆಯೂ ಅವಳು ರಸ್ತೆಯಲ್ಲಿದ್ದಳು. ಅಡುಗೆಮನೆಯಿಂದ ಅಮ್ಮ ಅವಳ ಹೆಸರು ಹಿಡಿದು ಕೂಗಿದಳು. ನಾನು ಚಾಪೆಯಿಂದೆದ್ದು, "ಬಂದೆ" ಎಂದು ಕೊಡ ಎತ್ತಿಕೊಂಡೆ.