ಕ್ರಿಯಾಪದ ಬರುವವರೆಗೆ

ಅನರ್ಥಕ್ಕೆಲ್ಲ ಮೂಲ ಒಂದು ಗುಟುಕು ಟೀ. ಕುಡಿದವರು ಪ್ರಕಾಶನದ ಯಜಮಾನರು. ಗಂಟಲಿಗೆ ಸಿಕ್ಕಿಸಿಕೊಂಡವನು ಅವರ ಉಪಸಂಪಾದಕ. ಯಜಮಾನರಿಗೆ ಒಂದು ಕೆಟ್ಟ ಅಭ್ಯಾಸ. ವಾಕ್ಯ ಶುರುಮಾಡಿ, ಇನ್ನೇನು ಕ್ರಿಯಾಪದ ಬಂತು ಅನ್ನುವಾಗ ನಿಲ್ಲಿಸಿ ಟೀ ಹೀರುತ್ತಾರೆ. ಬೆನ್ನ ಹಿಂದೆ ಕಚೇರಿಯವರೆಲ್ಲ ಅವರನ್ನು 'ಅರ್ಧವಾಕ್ಯ' ಎನ್ನುವುದು ಅದಕ್ಕೇ.

ಅವತ್ತು ಬೆಳಿಗ್ಗೆ ಉಪಸಂಪಾದಕ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಫೋನು ಬಂತು.

"ನಿಮ್ಮ ಸೆಬುವಾನೊ-ಬೋಡೊ ಲೇಖನದ ಬಗ್ಗೆ ತುಂಬಾ ಯೋಚನೆ ಮಾಡ್ದೆ ಕಣ್ರೀ. ನಿಮ್ಮನ್ನ ಈ ಕೆಲಸದಿಂದ ಇವತ್ತೇ ತೆಗೆದು..."

ಸೊರ್ ಎಂದು ಟೀ ಹೀರಿದ ಸದ್ದು. ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ಚಾರ್ಜಿಗೆ ಹಾಕೋಣವೆಂದರೆ ಮನೆಯಲ್ಲಿ ಕರೆಂಟಿಲ್ಲ.

ಉಪಸಂಪಾದಕ ಇನ್ನೊಂದು ಕೆನ್ನೆಯ ಸೋಪು ಒರೆಸಿ ರೇಜರು ಕೆಳಗಿಟ್ಟ. ಏಕೆಂದರೆ ಅವನು ತಪ್ಪು ಮಾಡಿದ್ದ. ಲೋಕದ ಭಾಷೆಗಳನ್ನು ಜೋಡಿ ಜೋಡಿಯಾಗಿ ಹೋಲಿಸುವ ಪುಸ್ತಕವದು. ಸುಲಭದ ಜೋಡಿಗಳನ್ನೆಲ್ಲ ಹಿರಿಯರು ಹಂಚಿಕೊಂಡ ಮೇಲೆ ಇವನ ಪಾಲಿಗೆ ಉಳಿದದ್ದು ಫಿಲಿಪ್ಪೀನ್ಸ್ ದ್ವೀಪಗಳ ಸೆಬುವಾನೊ ಮತ್ತು ಅಸ್ಸಾಮಿನ ಕಡೆಯ ಬೋಡೊ. ಎರಡಕ್ಕೂ ಏನಾದರೂ ನಂಟು ಸಿಕ್ಕೀತೇ ಎಂದು ಹುಡುಕಿ ಹುಡುಕಿ ಸುಸ್ತಾದಾಗ, ಎರಡರಲ್ಲೂ 'ಆಂಗ್' ಎಂಬ ಪದ ಕಣ್ಣಿಗೆ ಬಿತ್ತು. ಕುಣಿದಾಡಿ, "ಇವೆರಡೂ ಒಂದೇ ತಾಯಿಯ ಮಕ್ಕಳು" ಎಂದು ಬರೆದು ಕೊಟ್ಟುಬಿಟ್ಟ. ಕೊಟ್ಟ ಮೇಲೆ ಗೊತ್ತಾಯಿತು, ಬೋಡೊದಲ್ಲಿ ಆಂಗ್ ಎಂದರೆ 'ನಾನು'; ಸೆಬುವಾನೊದಲ್ಲಿ ಅದು ನಾಮಪದದ ಮುಂದೆ ನಿಲ್ಲುವ ಒಂದು ಪುಟ್ಟ ಗುರುತು, ಅಷ್ಟೇ. ತಾಯಿಯೂ ಇಲ್ಲ, ಮಕ್ಕಳೂ ಇಲ್ಲ. ಆವತ್ತಿನಿಂದ ಇವನಿಗೆ ನಿದ್ದೆಯಿಲ್ಲ. ಕೆಲಸ ಇನ್ನೂ ಕಾಯಂ ಆಗಿಲ್ಲ, ಹೆಂಡತಿಗೆ ದಿನ ತುಂಬುತ್ತಿದೆ.

"ತೆಗೆದು ಅಂದ್ಬಿಟ್ರು ಕಣೇ!"

"ತೆಗೆದು ಏನ್ಮಾಡ್ತಾರಂತೆ?" ಎಂದಳು ಹೆಂಡತಿ.

"ಇನ್ನೇನ್ಮಾಡ್ತಾರೆ? ತೆಗೆದುಹಾಕ್ತಾರೆ!"

"ಪೂರ್ತಿ ಕೇಳಿಸ್ಕೊಳ್ಳದೆ ಯಾಕ್ರೀ ಒದ್ದಾಡ್ತೀರಾ? ನೀವೇ ಬರ್ದು ನಂಗೆ ಓದಿ ಹೇಳಿದ್ರಲ್ಲ. ಸೆಬುವಾನೊದಲ್ಲಿ ಕ್ರಿಯಾಪದ ಮೊದಲೇ ಬಂದ್ಬಿಡುತ್ತೆ, ಬೋಡೊದಲ್ಲಿ ನಮ್ಮ ಹಾಗೇ ಕೊನೇಲಿ, ಅದಕ್ಕೇ ಕೇಳೋರಿಗೆ ತಾಳ್ಮೆ ಬೇಕು ಅಂತ. ತಗೊಳ್ಳಿ, ನನ್ನ ಫೋನಿಂದ ಮಾಡಿ."

"ಅದು ಲೇಖನ ಕಣೇ, ಇದು ಹೊಟ್ಟೆಪಾಡು! ಫೋನ್ ಮಾಡಿ ಇನ್ನೊಂದ್ಸಲ ಬೈಸ್ಕೊಳ್ಳಲಾ?"

ಈ ಗಲಾಟೆ ಕೇಳಿ ಮೇಲಿನ ಮನೆಯ ನಿವೃತ್ತ ಟಿಕೆಟ್ ಕಲೆಕ್ಟರು ಇಳಿದು ಬಂದರು. ಅಕ್ಕಪಕ್ಕದವರ ಪಾಲಿಗೆ ಅವರು 'ಟಿಕೆಟ್ ಮಾವ'. ಕರೆಯದೆ ಬರುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

"ರೈಲಲ್ಲಿ ಮುಖ ನೋಡಿದ್ರೆ ಸಾಕು, ಟಿಕೆಟ್ ಇದ್ಯೋ ಇಲ್ವೋ ಹೇಳ್ತಿದ್ದೆ" ಎಂದು ಉಪಸಂಪಾದಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಟಿಕೆಟ್ ಇಲ್ಲಪ್ಪ. ಅವ್ರು ಇಳಿಸೋ ಮುಂಚೆ ನೀವೇ ಇಳಿದ್ಬಿಡಿ. ಮರ್ಯಾದೆಯಾದ್ರೂ ಉಳಿಯುತ್ತೆ. ನಡೀರಿ, ನಾನೂ ಬರ್ತೀನಿ."

ಬಸ್ಸಿನಲ್ಲಿ ಮಾವ ಸುಮ್ಮನಿದ್ದರೆ ತಾನೇ? "ಪಾಪ, ಕೆಲಸ ಹೋಯ್ತು" ಎಂದು ಕಂಡಕ್ಟರಿಗೆ ಹೇಳಿದರು. ಕಂಡಕ್ಟರು ಮುಂದಿನ ಸೀಟಿನವರಿಗೆ ಹೇಳಿದ. ಅರ್ಧ ಬೋಳಿಸಿದ ಮುಖವನ್ನು ನೋಡಿದವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಇಳಿಯುವ ಹೊತ್ತಿಗೆ ಇಡೀ ಬಸ್ಸೇ ಅವನಿಗೆ ಧೈರ್ಯ ಹೇಳುತ್ತಿತ್ತು.

ಕಚೇರಿಯ ಬಾಗಿಲಲ್ಲೇ ಪುಟ ಜೋಡಿಸುವ ಅಕ್ಕ ಸಿಕ್ಕಿದರು. "ಏನಪ್ಪಾ ಇದು, ಬೆಳಿಗ್ಗೇನೇ ನಿಮ್ಮ ಮೇಜು ಖಾಲಿ ಮಾಡ್ಸಿದ್ರಲ್ಲ ಯಜಮಾನ್ರು?"

"ನೋಡಿದ್ರಾ!" ಎಂದರು ಟಿಕೆಟ್ ಮಾವ, ಲಾಟರಿ ಹೊಡೆದವರ ಹಾಗೆ.

ಉಪಸಂಪಾದಕ ಯಜಮಾನರ ಕೋಣೆಗೆ ನುಗ್ಗಿದವನೇ ಒಂದೇ ಉಸಿರಿಗೆ, "ನೀವೇನೂ ತೆಗೆಯೋದು ಬೇಡ ಸಾರ್, ನಾನೇ ಕೆಲಸ ಬಿಟ್ಟೆ! ಹೌದು, ಒಂದೇ ತಾಯಿ ಮಕ್ಕಳು ಅನ್ನೋದು ಸುಳ್ಳು! ಆಂಗ್ ಒಂದು ನೋಡಿ ಕಥೆ ಕಟ್ದೆ. ಅವೆರಡಕ್ಕೂ ಯಾವ ಸಂಬಂಧಾನೂ ಇಲ್ಲ!" ಎಂದುಬಿಟ್ಟ.

ಯಜಮಾನರು ಲೋಟ ಕೆಳಗಿಟ್ಟು ಕನ್ನಡಕ ತೆಗೆದರು.

"ಸುಳ್ಳಾ? ನಂಗೆ ಗೊತ್ತೇ ಇರ್ಲಿಲ್ವಲ್ರೀ! ಆ ಮಾತಿಗೇ ಮನಸೋತಿದ್ದೆ. ನಿಮ್ಮನ್ನ ಈ ಕೆಲಸದಿಂದ ತೆಗೆದು, ಇಡೀ ಪುಸ್ತಕಕ್ಕೇ ಸಂಪಾದಕರನ್ನಾಗಿ ಮಾಡೋಣ ಅಂತಿದ್ದೆ. ಮೇಜು ಖಾಲಿ ಮಾಡ್ಸಿ ಸಾಮಾನು ಪಕ್ಕದ ರೂಮಿಗೆ ಹಾಕ್ಸಿದ್ದೂ ಅದಕ್ಕೇ."

ಉಪಸಂಪಾದಕ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕುಳಿತ. ಪುಣ್ಯಕ್ಕೆ ಇತ್ತು.

"ಆ ಪುಟಗಳು ನಿನ್ನೇನೇ ಅಚ್ಚಾಗಿಹೋಗಿವೆ" ಎಂದು ಯಜಮಾನರು ಹಣೆ ಒತ್ತಿಕೊಂಡರು. "ಮನೇಲಿ ಬಸುರಿ ಇದಾರೆ, ಗೊತ್ತು. ನೀವು ಒಳ್ಳೇವ್ರು, ಅದೂ ಗೊತ್ತು. ಆದದ್ದನ್ನೆಲ್ಲ ಮರೆತು, ನಿಮ್ಮನ್ನ ಇಲ್ಲೇ ಇಟ್ಕೊಳ್ಳೋಕೆ ನನಗೆ..."

ಲೋಟ ಎತ್ತಿದರು. ಟೀ ಬಿಸಿಯಿತ್ತು, ಊದಿದರು.

ಉಪಸಂಪಾದಕನಿಗೆ ಹೋದ ಜೀವ ಬಂದಂತಾಯಿತು. ಮೇಜಿನ ಮೇಲಿದ್ದ ಫೋನೆತ್ತಿ ಹೆಂಡತಿಗೆ ಹಚ್ಚಿದ. "ಕೆಲಸ ಉಳೀತು ಕಣೇ! ಎಲ್ಲಾ ಮರೆತು ಇಲ್ಲೇ ಇಟ್ಕೊಳ್ತಾರಂತೆ! ಯಜಮಾನ್ರು ದೇವರು ಕಣೇ, ದೇವರು!"

ಯಜಮಾನರು ಗುಟುಕು ನುಂಗಿದರು. "...ಆಗಲ್ಲ ಕಣ್ರೀ."

"ನಾನು ಆಗ್ಲೇ ಹೇಳ್ಲಿಲ್ವಾ, ಟಿಕೆಟ್ ಇಲ್ಲ ಅಂತ?" ಎಂದಿತು ಬಾಗಿಲ ಸಂದಿಯಿಂದ ಒಂದು ದನಿ.

"ಹಲೋ? ಯಾರ್ರೀ ಅದು? ಏನಂದ್ರು?" ಹೆಂಡತಿ ಫೋನಿನಲ್ಲೇ ಕೂಗಿದಳು. "ಈ ಸಲವಾದ್ರೂ ಪೂರ್ತಿ ಹೇಳ್ರೀ!"

"ಏನಿಲ್ಲ ಕಣೇ... ನಾನು ಇವತ್ತು... ಈ ಕೆಲಸಾನ..."

ಇನ್ನು ಒಂದೇ ಒಂದು ಪದ ಬಾಕಿಯಿತ್ತು. ಸೆಬುವಾನೊದವನಾಗಿದ್ದರೆ ಅದನ್ನು ಮೊದಲೇ ಹೇಳಿ ಮುಗಿಸಬೇಕಾಗಿತ್ತು. ಯಜಮಾನರು ಅವನ ಮುಖ ನೋಡಿದರು, ಆಮೇಲೆ ತಮ್ಮ ಟೀ ಲೋಟವನ್ನು ಮೆಲ್ಲಗೆ ಅವನತ್ತ ಸರಿಸಿದರು.

ಅವನು ತೆಗೆದುಕೊಂಡು, ನಿಧಾನವಾಗಿ, ಒಂದು ಗುಟುಕು ಕುಡಿದ.